ಸುದ್ದಿಗೆ ಹಾಕಿದ ಕೊಕ್ಕೆ

ಹೆಲಿಕಾಪ್ಟರ್ ಕೊಳ್ಳುವಷ್ಟು ದುಡ್ಡಾಗದವರು ಬಳ್ಳಾರಿಯಲ್ಲಿ ಆಗ ವೆಬ್‌ಸೈಟ್ ತೆಗೆಯುತ್ತಿದ್ದರು. ನಲವತ್ತು ಅದಿರು ಲಾರಿಗಳ ಒಡೆಯ ಸುಂಕಪ್ಪ ೨೦೦೯ರಲ್ಲಿ ಸುದ್ದಿಯ ಸೈಟು ತೆಗೆದು ‘ನಿರ್ಭೀತ ಬಳ್ಳಾರಿ’ ಎಂದು ಹೆಸರಿಟ್ಟ. ಊರಲ್ಲಿ ಭೀತಿಯಿಲ್ಲದವನು ಅವನೊಬ್ಬನೇ ಆದ್ದರಿಂದ ಹೆಸರಿನಲ್ಲಿ ಸುಳ್ಳೇನಿರಲಿಲ್ಲ.

ಕೌಲ್ ಬಜಾರಿನ ಮಹಡಿಯ ಮೇಲಿದ್ದ ಕಚೇರಿಯಲ್ಲಿ ಇದ್ದವರು ಇಬ್ಬರೇ. ಒಬ್ಬ ಸಂಪಾದಕ ಗುರುರಾಜ, ನಿವೃತ್ತ ಗುಮಾಸ್ತ. ಒತ್ತಕ್ಷರ ತಪ್ಪಿದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಸುದ್ದಿಯೇ ತಪ್ಪಿದರೆ ಎರಡು ತುತ್ತು ಹೆಚ್ಚೇ ಇಳಿಯುತ್ತಿತ್ತು. ಇನ್ನೊಬ್ಬ ಸಿರುಗುಪ್ಪದ ಆಸಿಂ. ಒಂಬತ್ತನೇ ತರಗತಿಗೇ ಶಾಲೆಗೆ ಸಲಾಂ ಹೊಡೆದು, ಇಂಟರ್ನೆಟ್ ಸೆಂಟರಿನಲ್ಲಿ ಕೂತು ಕೂತು ಕಂಪ್ಯೂಟರ್ ಕಲಿತವನು. ಸೈಟು ನಡೆಯುತ್ತಿದ್ದದ್ದು ಅವನ ಕೈಯಲ್ಲಿ.

‘ಕೆಂಧೂಳು’ ಎಂಬ ಮಾತು ತನ್ನ ಸೈಟಿನಲ್ಲಿ ಎಲ್ಲೂ ಕಾಣಕೂಡದು, ಲಾರಿ ನಂಬರ್ ಅಂತೂ ಮೊದಲೇ ಕೂಡದು ಎಂದು ಸುಂಕಪ್ಪ ಅಪ್ಪಣೆ ಮಾಡಿದ ದಿನ ಗುರುರಾಜ ತಲೆ ಹಿಡಿದುಕೊಂಡ.

“ದಿನಾ ಐವತ್ತು ಸುದ್ದಿ ಬರ್ತಾವು. ಒಂದೊಂದಾಗಿ ನಾನೇ ತಿದ್ದಬೇಕೇನಲೇ?”

“ಬ್ಯಾಡ್ರಿ ಸರ. ನಮ್ಮ ಸೈಟು ಹೊಸಪೇಟಿ ರಸ್ತಾ ಇದ್ದಂಗ. ಸುದ್ದಿ ಅಂದ್ರ ಲಾರಿ. ದಾರ್ಯಾಗ ಅಲ್ಲಲ್ಲಿ ಚೆಕ್‌ಪೋಸ್ಟ್ ಇಟ್ಟಾರ, ಅದಕ್ಕ ಹುಕ್ ಅಂತಾರ, ಅಂದ್ರ ಕೊಕ್ಕೆ. ಪ್ಲಗಿನ್ ಅಂದ್ರ ನಾವು ಬರದು ಜೋಡಸೋ ಸಣ್ಣ ಪ್ರೋಗ್ರಾಮು; ಯಾವ ಪ್ಲಗಿನ್ ಬೇಕಾದ್ರೂ ಅಲ್ಲಿ ಹೆಸರು ಬರಸಿ ನಿಂದ್ರಬಹುದು. ಲಾರಿ ಬಂದ ಕೂಡ್ಲೆ ಅದರ ಕೈಗೆ ಕೊಡ್ತಾರ. ತಗೀಲಿ, ಹಾಕ್ಲಿ, ಬದ್ಲಿ ಮಾಡ್ಲಿ, ಆಮ್ಯಾಲೆ ಮುಂದಕ್ಕ ಬಿಟ್ರ ಸಾಕು. ರಸ್ತಾ ಅಗಿಯೋದು ಬ್ಯಾಡ.”

“ಎಷ್ಟು ಮಂದಿ ನಿಂದ್ರಬಹುದು?”

“ಎಷ್ಟಾದ್ರೂ. ಸರದಿ ನಂಬರ್ ಇರ್ತೈತಿ. ಒಬ್ಬ ಮುಟ್ಟಿ ಬಿಟ್ಟಿದ್ದನ್ನ ಇನ್ನೊಬ್ಬ ಮುಟ್ತಾನ.”

“ಕೊನಿಗೆ ಲಾರ್ಯಾಗ ಅದಿರು ಉಳೀತೈತೇನು?”

“ಗುಡ್ಡದಾಗ ಉಳದೈತೇನ್ರಿ ಸರ?”

ಅಂದೇ ಸಂಜೆಯೊಳಗೆ ಆಸಿಂ ಪ್ಲಗಿನ್ ಬರೆದ. ಮೇ ತಿಂಗಳ ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಸಂಡೂರು ರಸ್ತೆಗೆ ದಟ್ಟ ಮಂಜು ಕವಿಯಿತೆಂದು ಓದುಗರು ಓದಿದರು. ಲಾರಿಗಳೆಲ್ಲ ನಂಬರ್ ಕಳೆದುಕೊಂಡು ‘ಅಪರಿಚಿತ ವಾಹನ’ಗಳಾದವು.

ಕೊಕ್ಕೆ ಎಲ್ಲಿ ಹಾಕಬೇಕೆಂಬುದರಲ್ಲಿ ಮಾತ್ರ ಆಸಿಂ ತನ್ನ ಬುದ್ಧಿ ಓಡಿಸಿದ್ದ. ಸುದ್ದಿ ಡೇಟಾಬೇಸಿಗೆ ಹೋಗುವ ಬಾಗಿಲಲ್ಲಿ ಹಾಕಿದರೆ ಮೂಲವೇ ಅಳಿದುಹೋಗುತ್ತದೆ. ಅಲ್ಲಿಂದ ಪುಟಕ್ಕೆ ಬರುವ ಬಾಗಿಲಲ್ಲಿ ಹಾಕಿದರೆ ಒಳಗಿನದು ಒಳಗೇ ಇರುತ್ತದೆ, ತೋರಿಕೆ ಮಾತ್ರ ಬದಲು. ಸುಂಕಪ್ಪನ ಗೆಳೆಯರು ತಿಂಗಳಿಗೊಮ್ಮೆ ವೈರಿಗಳಾಗುತ್ತಿದ್ದರು. ಮುಚ್ಚಿಟ್ಟ ಅವರ ಲಾರಿ ನಂಬರುಗಳನ್ನು ಮತ್ತೆ ಬಿಚ್ಚಬೇಕಾಗುತ್ತಿತ್ತು. ಹಾಗಾಗಿ ಆಸಿಂ ಹೊರಬಾಗಿಲನ್ನೇ ಆರಿಸಿದ್ದ. ಅದಕ್ಕೆ ಧರ್ಮ ಕಾರಣವಲ್ಲ, ಸೋಮಾರಿತನ.

ಮೂರು ವಾರದ ನಂತರ ಕುರುಗೋಡಿನ ಹಂಪಮ್ಮ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಸೈಟಿನ ಸುದ್ದಿಯೊಂದರ ಪ್ರಿಂಟು: ಅಪರಿಚಿತ ವಾಹನ ಹಾಯ್ದು ಕೂಲಿಯಾಳು ಸಾವು. ಸತ್ತವನು ಅವಳ ಗಂಡ.

“ನಂಬರ್ ಇತ್ತು ತಮ್ಮಾ. ನಿಮ್ಮ ವರದಿಗಾರ ಫಕೀರಸಾಬ ನನ್ನ ಎದುರಿಗೇ ಬರಕೊಂಡಾನ. ಪೊಲೀಸ್ರು ಯಾವ್ದೋ ಗಾಡಿ ಅಂತ ಬರದು ಕೈ ತೊಳಕೊಂಡ್ರು. ನಂಬರ್ ಸಿಗದಿದ್ರ ಕೇಸೇ ನಿಲ್ಲಲ್ಲಂತ ವಕೀಲ್ರು ಹೇಳ್ಯಾರ.”

“ಫಕೀರಸಾಬಣ್ಣನ್ನ ಕೇಳಿದ್ಯೇನವ್ವಾ?”

“ಕೇಳೀನಿ. ಅವಂಗ ಸುಂಕಪ್ಪನ ಲಾರಿ ನೋಡ್ಕಳೋ ಕೆಲ್ಸ ಸಿಕ್ಕೈತಿ. ಆವತ್ತಿಂದ ಏನೂ ನೆನಪಾಗವಲ್ದು, ಪಾಪ.”

ಆ ‘ಪಾಪ’ಕ್ಕೆ ಆಸಿಂ ತಲೆ ತಗ್ಗಿಸಿದ. ಪೊಲೀಸರು ನಂಬರ್ ಬರೆಯಲಿಲ್ಲ, ಫಕೀರಸಾಬ ಮರೆತ. ಆದರೆ ಬರೆದಿದ್ದ ನಂಬರನ್ನು ಒರೆಸಿದವನು ತಾನೇ.

ಅಷ್ಟರಲ್ಲಿ ಗುರುರಾಜನ ಫೋನು ಬಡಿದುಕೊಂಡಿತು. ಅವನು ಎದ್ದು ನಿಂತೇ ಮಾತಾಡಿದ. ಸುಂಕಪ್ಪನ ಫೋನು ಬಂದರೆ ಕೂರುತ್ತಿರಲಿಲ್ಲ. ಮುಗಿಸಿ ಆಸಿಂನ ಕಿವಿಯ ಬಳಿ ಬಂದ.

“ಆಯಮ್ಮ ಬರೋದು ಅವರಿಗೆ ಗೊತ್ತಾಗೈತಿ. ನಿನ್ನ ಕೊಕ್ಕೆ ಒಳಬಾಗಿಲಿಗೆ ಹಾಕಬೇಕಂತ. ಹಳೇ ಸುದ್ದಿನೆಲ್ಲ ಒಂದ್ಸಲ ಅದರ ಕೈಯಾಗ ದಾಟಿಸಿ, ಮೂಲ ಉಳೀದಂಗ ಮಾಡಬೇಕಂತ. ಈಗಿಂದೀಗ್ಲೇ.”

“ಬಾಗ್ಲದ ವಿಚಾರ ಅವರಿಗೆ ಹೇಳಿದವರು ಯಾರ್ರಿ?”

ಗುರುರಾಜ ಹಂಪಮ್ಮನ ಪ್ರಿಂಟಿನಲ್ಲಿ ತಪ್ಪಿದ ಒತ್ತಕ್ಷರ ಹುಡುಕತೊಡಗಿದ.

ಆಸಿಂ ಪ್ಲಗಿನ್‌ಗಳ ಪಟ್ಟಿ ತೆಗೆದ. ತನ್ನದರ ಮುಂದೆ ಒತ್ತಿ ಅದನ್ನು ನಿಲ್ಲಿಸಿದ. ಸುದ್ದಿಯ ಪುಟವನ್ನು ಮತ್ತೆ ತೆರೆದಾಗ ‘ಅಪರಿಚಿತ ವಾಹನ’ ಇದ್ದ ಜಾಗದಲ್ಲಿ ‘ಅದಿರು ಲಾರಿ’ ಬಂದು ನಿಂತಿತ್ತು. ಪಕ್ಕದಲ್ಲೇ ನಂಬರು, ಕೊನೆಗೆ ೬೭೧೪. ಗುರುರಾಜನ ಬೆರಳುಗಳು ತಾವಾಗಿಯೇ ಅಂಕಿ ಕೂಡಿದವು: ಹದಿನೆಂಟು, ಒಂದು ಎಂಟು ಒಂಬತ್ತು. ಕೂಡಿದರೆ ಒಂಬತ್ತು ಬಾರದ ಲಾರಿಯನ್ನು ಸುಂಕಪ್ಪ ಕೊಳ್ಳುವುದಿಲ್ಲವೆಂದು ಬಳ್ಳಾರಿಗೇ ಗೊತ್ತು.

“ಲೇ, ನಿನಗ ಹೊಟ್ಟಿ ಪಾಡು ಬ್ಯಾಡೇನು?”

“ಸಿರುಗುಪ್ಪಕ್ಕ ಬಸ್ ಐತಲ್ರಿ ಸರ.”

ಪ್ರಿಂಟರ್ ಕೆಮ್ಮುತ್ತಾ ಕಾಗದ ಉಗುಳಿತು. ಹಂಪಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದಳು.

“ಇದನ್ನ ಯಾರು ಕೊಟ್ರು ಅಂತ ಕೇಳ್ತಾರ ತಮ್ಮಾ. ಆವಾಗೊಂದು ಈವಾಗೊಂದು ಹೆಂಗ ಅಂತಾರ. ನಾನು ಏನಂತ ಹೇಳ್ಲಿ?”

ಆಸಿಂ ಕಾಗದ ವಾಪಸು ಇಸಿದುಕೊಂಡು ಕೆಳಗೆ ಬರೆದ: ಮೂಲ ವರದಿಯಲ್ಲಿ ಈ ನಂಬರ್ ಇತ್ತು. ಅದು ಯಾರಿಗೂ ಕಾಣದಂತೆ ಮಾಡಿದವನು ನಾನು. ಹೆಸರು, ತಂದೆಯ ಹೆಸರು, ಊರು, ಮೊಬೈಲ್ ನಂಬರ್.

“ಏನಂತ ಬರದಿ?”

“ಕರದ್ರ ಸಾಕ್ಷಿ ಹೇಳಾಕ ಬರ್ತೀನಂತ ಬರದೀನವ್ವಾ.”

ಗುರುರಾಜನ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಆಸಿಂ ಹಂಪಮ್ಮನನ್ನು ಕರೆದುಕೊಂಡು ಮೆಟ್ಟಿಲಿಳಿದ.