ಹಲ್ಲಿನ ವರೋಪಚಾರ

ಮುಂಡರಗಿಯ ಸವಳು ನೀರು ಕುಡಿದು ಬೆಳೆದವರ ಹಲ್ಲಿಗೆ ಕಂದು ಗೆರೆ ಬೀಳುವುದು, ಬೇಸಿಗೆಯ ಎರೆಹೊಲ ಬಿರುಕು ಬಿಡುವಷ್ಟೇ ಸಹಜ. ಊರಿನಲ್ಲಿ ಯಾರೂ ಅದನ್ನು ಊನವೆಂದು ಎಣಿಸಿದವರಲ್ಲ. ಅಡತಿ ವ್ಯಾಪಾರಿ ನಿಜಲಿಂಗಪ್ಪನ ಕಿರಿಮಗಳು ಅಮೃತವ್ವ ಇಪ್ಪತ್ತು ವರ್ಷ ಬಾಯ್ತುಂಬ ನಕ್ಕವಳೇ. ಎಪ್ಪತ್ತಾರನೆಯ ಇಸವಿಯಲ್ಲಿ ಬೆಟಗೇರಿಯ ಗುರುಸಿದ್ದವ್ವ ತನ್ನ ಮಗ ಹುಚ್ಚೀರಪ್ಪನೊಡನೆ ಕನ್ಯಾ ನೋಡಲು ಬರುವ ತನಕ.

ಹುಚ್ಚೀರಪ್ಪ ಇಂಗ್ಲಂಡಿನ ಉಣ್ಣೆಯ ಗಿರಣಿಯೊಂದರಲ್ಲಿ ಮಿಸ್ತ್ರಿ. ಎರಡು ತಿಂಗಳ ರಜೆ; ಅಷ್ಟರೊಳಗೆ ಹೆಂಡತಿಯನ್ನು ಗೊತ್ತುಮಾಡಿಕೊಂಡು ಮರಳಬೇಕು. ಉಪ್ಪಿಟ್ಟಿನ ತಾಟು ಕೈಯಲ್ಲಿ ಹಿಡಿದು ಅವನು ಎರಡೂ ದೇಶಗಳನ್ನು ತಕ್ಕಡಿಗೆ ಹಾಕತೊಡಗಿದ.

“ಅಲ್ಲಿ ನಳ ತಿರುವಿದ್ರ ಬಿಸಿನೀರು ಬರ್ತಾವ್ರಿ ಸಾವ್ಕಾರ್ರ. ಮುಂಜಾನಿ ಎದ್ದು ನೋಡಿದ್ರ ಹಾಲು ಬಾಗಲದಾಗ ಬಂದು ಕುಂತಿರ್ತೈತಿ. ಇಲ್ಲಿ ಏನೈತ್ರಿ? ಧೂಳ.”

“ಖರೆ, ಖರೆ” ಎಂದು ನಿಜಲಿಂಗಪ್ಪ ತಲೆದೂಗಿದ, ಆ ಧೂಳನ್ನು ತಾನೇ ಎಬ್ಬಿಸಿದವನಂತೆ ನಾಚಿ.

“ಹಲ್ಲಿನ ಸುದ್ದಿ ಕೇಳ್ರಿ. ನಾ ಇರೂ ಮನಿ ಮಾಲಕಿ ಮದವಿ ಆಗೂ ಮುಂದ, ಅವರಪ್ಪ ಆಕಿ ಹಲ್ಲೆಲ್ಲಾ ಕೀಳಿಸಿ, ಮುತ್ತಿನಂಥಾ ಹೊಸಾ ಸೆಟ್ ಕೂಡ್ರಿಸಿ ಕಳಿಸಿದ್ನಂತ. ಗಂಡಗ ಮುಂದ ಹಲ್ಲುಬ್ಯಾನಿ ಕಿರಿಕಿರಿ ಇರಬಾರದಂತ.”

ಗುರುಸಿದ್ದವ್ವ ಅಮೃತವ್ವನ ಬಾಯಿಯ ಮೇಲೆಯೇ ಕಣ್ಣು ನೆಟ್ಟು, “ಎಷ್ಟ ಚೊಲೋ ಪದ್ಧತಿ ನೋಡ್ರಿ” ಎಂದಳು. ಹೊರಡುವಾಗ, “ನಮಗೇನೂ ಬ್ಯಾಡ್ರಿ. ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ” ಎಂದೂ ಸೇರಿಸಿದಳು.

ಈ ಸೀಮೆಯಲ್ಲಿ ಗಂಡಿನವರು ಬಾಯಿಬಿಟ್ಟು ಬೇಡುವುದು ಅಗೌರವ. ರೇಡಿಯೋ ಬೇಕಾದರೆ ಯಾರದೋ ಮನೆಯ ರೇಡಿಯೋ ಹೊಗಳುತ್ತಾರೆ. ಕೈಗಡಿಯಾರ ಬೇಕಾದರೆ ಹೊತ್ತೆಷ್ಟಾಯಿತೆಂದು ಮೂರು ಸಲ ಕೇಳುತ್ತಾರೆ. ‘ಏನೂ ಬ್ಯಾಡ’ ಎಂಬುದರೊಳಗಿನಿಂದ ಬೇಕಾದದ್ದನ್ನು ಹೆಕ್ಕಿ ತೆಗೆಯುವುದೇ ಹೆಣ್ಣಿನ ತಂದೆಯ ಜಾಣತನ. ಇಬ್ಬರು ಹಿರಿಯ ಹೆಣ್ಣುಮಕ್ಕಳನ್ನು ದಾಟಿಸಿ ನುರಿತಿದ್ದ ನಿಜಲಿಂಗಪ್ಪ ಆ ಸಂಜೆಯೇ ತೀರ್ಪು ಕೊಟ್ಟ.

“ಹಲ್ಲು ಕೇಳ್ಯಾರ.”

ಜೋಳ ಹಸನು ಮಾಡುತ್ತಿದ್ದ ಹೆಂಡತಿ ಸಿದ್ದಲಿಂಗವ್ವ ಮೊರ ಕೆಳಗಿಟ್ಟಳು. “ಬಂಗಾರ ಕೇಳವರನ್ನ ನೋಡೀನಿ. ಹಲ್ಲು ಕೇಳವರನ್ನ ನೋಡಿಲ್ರಿ.”

“ನಿನಗೇನ ತಿಳಿತೈತಿ? ಬಂಗಾರ ಕೇಳೋರು ನಮ್ಮಂಥಾ ಹಿಂದುಳದ ಮಂದಿ. ಅದು ಮುಂದುವರದ ದೇಶ.” ಆಮೇಲೆ ಮಗಳ ಕಡೆ ತಿರುಗಿದ. “ಏನಂತೀ ಯವ್ವಾ?”

ಅಮೃತವ್ವ ನಾಲಗೆಯಿಂದ ತನ್ನ ಹಲ್ಲುಗಳನ್ನೊಮ್ಮೆ ಸವರಿಕೊಂಡಳು. ದಿನವೂ ಬೆಳಗಿಗೆ ಮುನ್ನ ಊರಾಚೆಯ ಬಾವಿಯಿಂದ ನಾಲ್ಕು ಕೊಡ ನೀರು ಹೊತ್ತು ಅವಳ ಸೊಂಟ ಒಂದು ಕಡೆಗೆ ವಾಲಿತ್ತು. ತಿರುವಿದರೆ ಬಿಸಿನೀರು ಬರುವ ನಳವೊಂದು ಅವಳ ಕಣ್ಣಮುಂದೆ ಹೊಳೆಯಿತು.

“ತೆಗಸ್ರಿ ಅಪ್ಪಾ” ಎಂದಳು.

ಗದಗಿನ ಹಲ್ಲಿನ ಡಾಕ್ಟರು ಅವಳ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ ನಕ್ಕರು. “ನೀರಿನ ಕಲಿ ಅಷ್ಟ. ಎಂಬತ್ತು ವರ್ಷ ಕಡ್ಲಿ ಕಡೀತಾಳ ಈಕಿ.”

“ತೆಗೀರಿ. ಇಂಗ್ಲಂಡಿಗೆ ಹೋಗಾಕಿ.”

ಆ ದೇಶದ ಹೆಸರು ಕೇಳಿದ ಮೇಲೆ ಡಾಕ್ಟರೂ ಇಕ್ಕಳ ಎತ್ತಿಕೊಂಡರು. ಗಟ್ಟಿ ಹಲ್ಲು ಸುಮ್ಮನೆ ಬಿಡುವುದಿಲ್ಲ. ಡಾಕ್ಟರರ ಬೆವರು ಅವಳ ಹಣೆಯ ಮೇಲೆ ಇಳಿಯಿತು. ನಾಲ್ಕು ಸೋಮವಾರ ಹೀಗೆ. ಮರಳುವ ಬಸ್ಸಿನಲ್ಲಿ ಅವಳು ಬಾಯಿಗೆ ಅರಿವೆ ತುರುಕಿಕೊಂಡು ನೆತ್ತರು ನುಂಗುತ್ತ ಕುಳಿತರೆ, ಪಕ್ಕದಲ್ಲಿ ನಿಜಲಿಂಗಪ್ಪ ಸಹಪ್ರಯಾಣಿಕರಿಗೆ ಇಂಗ್ಲಂಡಿನ ಪದ್ಧತಿ ವಿವರಿಸುತ್ತಿದ್ದ. ಕೊನೆಯ ಸೋಮವಾರ ಡಾಕ್ಟರು, “ವಸಡು ಮಾಯಾಕ ಮೂರು ತಿಂಗಳ ಬೇಕು. ಆಮ್ಯಾಲ ಅಳತಿ” ಎಂದಾಗ ಅವನ ಮುಖ ಮೊದಲ ಬಾರಿಗೆ ಬಾಡಿತು. ಚಪ್ಪಲಿ ಮೆಟ್ಟಿ ನೋಡಿದಂತೆ ಆಗಿಂದಾಗ ಆಗುವ ಕೆಲಸವೆಂದು ಅವನು ತಿಳಿದಿದ್ದ.

ನಿಶ್ಚಯಕ್ಕೆಂದು ಬೆಟಗೇರಿಯವರು ಬಂದ ದಿನ ಅಮೃತವ್ವ ಸೆರಗಿನಿಂದ ಬಾಯಿ ಮುಚ್ಚಿ ನಿಂತಳು. “ಶರಣ್ರಿ” ಎಂದದ್ದು ಬರೀ ಗಾಳಿಯಾಗಿ ಹೊರಬಂತು. ಗುರುಸಿದ್ದವ್ವ ತಾನೇ ಕೈ ಚಾಚಿ ಸೆರಗು ಸರಿಸಿದಳು. ತನಗಿಂತ ಮುದಿಯಾದ ಮುಖವೊಂದು ಅವಳನ್ನು ನೋಡುತ್ತಿತ್ತು.

“ಇದೇನ್ರಿ ಇದು?”

“ನೀವು ಅಂದಂಗ ಮಾಡೀನ್ರಿ, ಬೀಗರ” ಎಂದ ನಿಜಲಿಂಗಪ್ಪ. “ಹೊಸಾ ಸೆಟ್ ಅಷ್ಟ ಬಾಕಿ.”

ಹುಚ್ಚೀರಪ್ಪ ಒಂದು ಹೆಜ್ಜೆ ಹಿಂದೆ ಸರಿದ. “ಅದು ಮುದುಕಿ ಕಾಲದ ಸುದ್ದಿರಿ, ಬಡಮಂದಿ ಸುದ್ದಿ. ಈಗ ಅಲ್ಲಿ ಹಲ್ಲು ಉಳಿಸ್ಕೊಂತಾರ. ನಾ ನಗಸಾಕ ಹೇಳಿದ್ದೆ.” ಬೇಸರದಿಂದ ಮುಂದುವರಿಸಿದ. “ಇದನ್ನ ಅಲ್ಲಿ ಹೇಳಿದ್ರ ಯಾರೂ ನಂಬೂದಿಲ್ಲ. ಎಷ್ಟ ಹಿಂದ ಉಳದೈತಿ ನೋಡ್ರಿ ನಮ್ಮ ದೇಶ.”

“ಖರೆ” ಎಂದ ನಿಜಲಿಂಗಪ್ಪ, ರೂಢಿಯಂತೆ.

“ನಾವೇನರ ಕೇಳಿದ್ವೇನ್ರಿ? ಏನೂ ಬ್ಯಾಡ ಅಂದಿದ್ವಿ” ಎಂದು ಗುರುಸಿದ್ದವ್ವ ಎದ್ದಳು. ಚಹಾ ಮಾತ್ರ ಕುಡಿದರು. ಮಧ್ಯಾಹ್ನದ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೋಗಿ ಇನ್ನೊಂದು ಕನ್ಯೆ ನೋಡಿದರೆಂದು ಖಬರ ಬಂತು.

ಮೂರು ತಿಂಗಳಿಗೆ ಅಳತೆ ಕೊಡಲು ಬರಬೇಕೆಂದು ಡಾಕ್ಟರ ಕಾರ್ಡು ಬಂದಿತು. ನಿಜಲಿಂಗಪ್ಪ ಅದನ್ನು ಓದಿ ಹಳೆಯ ಪತ್ರಗಳ ತಂತಿಗೆ ಸಿಕ್ಕಿಸಿದ. “ಇನ್ನ ಯಾಕ? ಯಾರು ನೋಡಾಕ ಬರ್ತಾರ? ಆ ದೇಶದಾಗ ಆಗಿದ್ರ ಸರಕಾರನ ಹಾಕಸ್ತಿತ್ತು.”

ಮರುದಿನದಿಂದ ಒಲೆಯ ಮುಂದೆ ಅಮೃತವ್ವನೇ ಕುಳಿತಳು. ತಂದೆಯ ತಾಟಿಗೆ ನುಚ್ಚಿನ ಗಂಜಿ ಬಂತು. ಸಂಜೆಯೂ ಅದೇ. ಮೂರನೆಯ ದಿನ ಅವನು ಕೇಳಿದ, “ರೊಟ್ಟಿ ಎಲ್ಲೈತಿ?”

ಉತ್ತರ ಕೊಟ್ಟವಳು ಸಿದ್ದಲಿಂಗವ್ವ. “ಹಲ್ಲಿದ್ದವರಿಗೆ ಒಂದು, ಇಲ್ಲದವರಿಗೆ ಒಂದು ಅಡಗಿ ಮಾಡಾಕ ನಮ್ಮನಿ ಏನು ಎರಡು ದೇಶ ಏನ್ರಿ?”

ಅವನು ಸಿಟ್ಟಾಗಿ ಖಾನಾವಳಿಗೆ ಹೋದ. ಅಲ್ಲಿ ಕುಳಿತವರು, “ಬರ್ರಿ ಸಾವ್ಕಾರ್ರ, ರೊಟ್ಟಿ ಅಗಿತೀರೋ, ಹಲ್ಲು ಕೀಳಿಸ್ಕೊಂಡ ಬರ್ತೀರೋ?” ಎಂದರು. ಅವನು ಹೊಸ್ತಿಲಿನಿಂದಲೇ ಮನೆಗೆ ಮರಳಿ ತಾಟಿನ ಮುಂದೆ ಕುಳಿತ.

ಅವನು ಗಂಜಿ ಕುಡಿದು ಮುಗಿಸುವವರೆಗೂ ಅಮೃತವ್ವ ಎದುರಿಗೇ ಕುಳಿತು ನೋಡಿದಳು. ತಾಟು ಬರಿದಾದಾಗ ಸಾಕೆಂದು ಅವನು ಅಡ್ಡಹಿಡಿದ ಕೈಯ ಮೇಲೆಯೇ, ಕುದಿಯುತ್ತಿದ್ದ ಗಂಜಿಯ ಇನ್ನೊಂದು ಸೌಟು ಸುರಿದಳು.