ನಕ್ಷೆಯಲ್ಲಿಲ್ಲದ ಗೋಡೆ

ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಕಂಪನಿ ಗಂಡನದು, ನಕ್ಷೆ ಬರೆಯುವವನು ಮೈದುನ, ಹದಿನಾಲ್ಕು ವರ್ಷದಿಂದ ಏಣಿ ಹತ್ತಿ ನೆಟ್‌ವರ್ಕ್ ಕೇಬಲ್ ಎಳೆಯುವವಳು ಇವಳು. ಈ ಗೋದಾಮಿನ ಕೆಲಸ ಸರಿಯಾಗಿ ಮುಗಿದರೆ ಮುಂದಿನದರ ನಕ್ಷೆ ನಿನ್ನದೇ, ಸಹಿಯೂ ನಿನ್ನದೇ ಎಂದು ಗಂಡ ಮಾತು ಕೊಟ್ಟಿದ್ದ. ಪಾಪ, ನಂಬಿದ್ದಳು.

ಮೈದುನನ ನಕ್ಷೆಯಲ್ಲಿ ಸರ್ವರ್ ಕೋಣೆಯಿಂದ ತೂಕದ ಕೋಣೆಗೆ ಎಂಬತ್ತೆಂಟು ಮೀಟರ್. ಅವಳು ಟೇಪು ಹಿಡಿದು ಅಳೆದಳು. ಆ ಎಂಬತ್ತೆಂಟರ ಮೇಲೆ ಗೋಡೆ ಹತ್ತಲು ಆರು, ಆಚೆ ಇಳಿಯಲು ಆರು, ಲಿಫ್ಟಿನ ಗೋಡೆ ಸುತ್ತಿ ಹೋಗಲು ಒಂಬತ್ತು. ಒಟ್ಟು ನೂರಾ ಒಂಬತ್ತು. ನೂರು ದಾಟಿದ ಕೇಬಲ್ಲನ್ನು ನಂಬುವಂತಿಲ್ಲ. ಮಹಾಶಯ ಕುರ್ಚಿ ಬಿಟ್ಟೇಳದೆ ಕಾಗದದ ಮೇಲೆ ಸ್ಕೇಲಿಟ್ಟು ಅಳೆದಿದ್ದ. ಕಾಗದಕ್ಕೆ ಗೋಡೆ ಎಲ್ಲಿಂದ ಬರಬೇಕು?

"ಮಧ್ಯದ ಕಂಬಕ್ಕೆ ಒಂದು ರಿಪೀಟರ್ ಹಾಕೋಣ. ಸೊರಗಿದ ಸಿಗ್ನಲ್ಲನ್ನ ಅದು ಗಟ್ಟಿ ಮಾಡಿ ಮುಂದೆ ಕಳಿಸುತ್ತೆ," ಎಂದಳು.

"ಅತ್ತಿಗೆ, ನೀವು ಕೇಬಲ್ ಎಳೀರಿ ಸಾಕು. ತಲೆ ಕೆಡಿಸ್ಕೊಳ್ಳೋಕೆ ನಾನಿದೀನಿ," ಎಂದ ಮೈದುನ.

ಗಂಡ ಫೋನಿನಿಂದ ತಲೆ ಎತ್ತಲಿಲ್ಲ. ಅವಳು ಎಳೆದಳು.

ಕೆಲಸ ಒಪ್ಪಿಸುವ ದಿನ, ಗೋದಾಮಿನ ಮ್ಯಾನೇಜರ್ ಎದುರಿಗೇ ತೂಕದ ಕೋಣೆಯ ಸಂಪರ್ಕ ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಮೈದುನ ಇಂಗು ತಿಂದ ಮಂಗನಂತೆ ನಿಂತ. ಅವಳು ಚೀಲದಿಂದ ರಿಪೀಟರ್ ತೆಗೆದಳು. ಹೀಗಾಗುತ್ತದೆಂದು ಗೊತ್ತಿದ್ದೇ ತಂದಿದ್ದಳು. ಏಣಿ ಹತ್ತಿ, ಕಂಬದ ಬಳಿ ಕೇಬಲ್ ಕತ್ತರಿಸಿ, ಎರಡೂ ತುದಿಗಳನ್ನು ಪೆಟ್ಟಿಗೆಗೆ ಸಿಕ್ಕಿಸಿ ಕರೆಂಟು ಕೊಟ್ಟಳು. ಹಸಿರು ದೀಪ ಹೊತ್ತಿತು, ಮತ್ತೆ ಆರಲಿಲ್ಲ.

"ಪರವಾಗಿಲ್ವೇ! ಯಾರದ್ದು ಈ ಐಡಿಯಾ?" ಎಂದ ಮ್ಯಾನೇಜರ್.

ಏಣಿಯ ಮೇಲಿಂದಲೇ ಅವಳು ಕೆಳಗೆ ನಿಂತಿದ್ದ ಗಂಡನನ್ನು ನೋಡಿದಳು.

"ನನ್ನ ತಮ್ಮಂದು ಸರ್," ಎಂದ ಗಂಡ. "ಇವಳು ಅಳತೇಲಿ ಎಡವಟ್ಟು ಮಾಡಿದ್ಲು. ಅವನು ಮೊದ್ಲೇ ಯೋಚ್ನೆ ಮಾಡಿದ್ದ."

ವ್ಯಾನಿನಲ್ಲಿ ಕೂತ ಮೇಲೆ, ಯಾಕೆ ಹಾಗೆ ಹೇಳಿದ್ದು ಎಂದು ಅವಳು ಗಂಡನನ್ನು ಕೇಳಿಯೇ ಬಿಟ್ಟಳು.

"ನಕ್ಷೇಲಿ ಅವನ ಸಹಿ ಇದೆ ಕಣೆ. ಅವನ ತಪ್ಪು ಅಂದ್ರೆ ಕಂಪನಿ ಹೆಸರೇ ಹಾಳು. ನೀನಾದ್ರೆ ಮನೆಯವಳು, ಸಹಿಸ್ಕೋತೀಯ."

"ಮತ್ತೆ ಮುಂದಿನ ನಕ್ಷೆ?"

"ಅಳತೆ ತಪ್ಪಿದವಳು ಅಂತ ಅವರ ಎದುರಿಗೇ ಹೇಳಿಯಾಯ್ತಲ್ಲ. ಇನ್ನು ನಿನ್ನ ಸಹಿ ಯಾರು ಒಪ್ತಾರೆ?"

ಅವಳು ಸೊಂಟದ ಟೇಪು ಬಿಚ್ಚಿ ಅವನ ತೊಡೆಯ ಮೇಲಿಟ್ಟು ಕೆಳಗಿಳಿದಳು. ರಸ್ತೆ ದಾಟುವಾಗ ಹಿಂದಿನಿಂದ ಗಂಡನ ಕೂಗು ಕೇಳಿತು.

"ಲೇ, ಏಣಿ ಗೋದಾಮಿನೊಳಗೇ ಉಳೀತು! ಯಾರು ತರ್ತಾರೆ ಅದನ್ನ?"