ಬೆನ್ನು ತಿರುಗಿಸಿದ ಭಾನುವಾರ

ನಮ್ಮ ನೋರ್‌ಸ್ಟಾಡಿನ ಮೈದಾನದಲ್ಲಿ ಅಂಪೈರನ್ನು ಯಾರೂ ಬೈಯುವುದಿಲ್ಲ. ಬೈದುಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅಂಪೈರುಗಳೇ ಹೇಳುತ್ತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಭಾನುವಾರ ಬೇಸ್‌ಬಾಲ್ ಆಡಲು ಲೂಥರನ್ ಚರ್ಚಿನ ಪಾದ್ರಿ ಒಪ್ಪಿಗೆ ಕೊಟ್ಟದ್ದು ಒಂದೇ ಷರತ್ತಿನ ಮೇಲೆ: ದೇವರ ದಿನ ಯಾರ ಬಾಯಿಂದಲೂ ಕೆಟ್ಟ ಮಾತು ಬರಕೂಡದು. ನಾರ್ವೆಯಿಂದ ಬಂದ ಜನ, ಮಾತು ಕೊಟ್ಟರೆ ಕೊಟ್ಟ ಹಾಗೆ. ಆದರೆ ಅಂಪೈರ್ ಕಣ್ಣೆದುರಿಗೇ ಅನ್ಯಾಯ ಮಾಡಿದರೆ ಹೊಟ್ಟೆಯುರಿಯನ್ನು ಎಲ್ಲಿ ಇಳಿಸುವುದು? ಅದಕ್ಕೆ ಅವರು ಕಂಡುಕೊಂಡ ದಾರಿ, ಎದ್ದು ನಿಂತು ಬೆನ್ನು ತಿರುಗಿಸುವುದು. ಒಬ್ಬರಲ್ಲ ಇಬ್ಬರಲ್ಲ, ಇಡೀ ಗ್ಯಾಲರಿ. ತುಟಿಪಿಟಕ್ಕೆನ್ನದೆ ಆಟಕ್ಕೆ ಬೆನ್ನು ಹಾಕಿ, ಹಿಂದಿನ ರೈಲುಹಳಿಯನ್ನೂ ಅದರಾಚೆಯ ಗೋರಿಗಳನ್ನೂ ನೋಡುತ್ತ ನಿಲ್ಲುವುದು. ಆಗ ಬ್ಯಾಟು ಹಿಡಿದಿರುವವನ ಸರದಿ ಮುಗಿಯುವ ತನಕ ತಿರುಗಕೂಡದು. ಮೊದಲೇ ತಿರುಗಿದವನ ಗತಿ ಕೇಳಬೇಡಿ. ಎಲ್ಮರ್ ಸ್ಕೋಗ್ ಎಂಬವನು ಒಮ್ಮೆ ತಡೆಯಲಾರದೆ ಕತ್ತು ಹೊರಳಿಸಿದ. ಆಮೇಲೆ ಅವನು ಸಾಯುವ ತನಕ ಊರವರು ಅವನನ್ನು ಕರೆದದ್ದು ಗಾಳಿಕೋಳಿ ಎಂದೇ, ಚರ್ಚಿನ ಗೋಪುರದ ಮೇಲೆ ಗಾಳಿ ಬಂದ ಕಡೆ ತಿರುಗುವ ತಗಡಿನ ಕೋಳಿಯ ಹೆಸರಿನಲ್ಲಿ.

ಯಾವಾಗ ಬೆನ್ನು ತಿರುಗಿಸಬೇಕು ಎಂದು ತೀರ್ಮಾನಿಸುತ್ತಿದ್ದವಳು ನನ್ನ ತಮ್ಮ ಲೈಲ್‌ನ ಹೆಂಡತಿ ಮಾರ್ಲಿಸ್. ಅವಳನ್ನು ಯಾರೂ ನೇಮಿಸಿರಲಿಲ್ಲ. ಅವಳು ಎದ್ದರೆ ಎಲ್ಲರೂ ಏಳುತ್ತಿದ್ದರು, ಅಷ್ಟೆ. ಅವಳ ಜಾಗ, ಓಡುವವರು ಸುತ್ತಿ ಬರಬೇಕಾದ ನಾಲ್ಕು ಬೇಸುಗಳಲ್ಲಿ ಮೂರನೆಯದರ ಕಡೆಯ ಮೇಲಿನ ಸಾಲು, ತುತ್ತತುದಿ. ಅಲ್ಲಿಂದ ಎಡಗಡೆಯ ಗೆರೆ ನೂಲು ಹಿಡಿದ ಹಾಗೆ ನೇರವಾಗಿ ಬೇಲಿಯ ಹಳದಿ ಕಂಬದ ತನಕ ಕಾಣಿಸುತ್ತದೆ. ಚೆಂಡು ಕಂಬದ ಒಳಗಿನಿಂದ ಬೇಲಿ ದಾಟಿದರೆ ಹೋಮ್ ರನ್, ಹೊರಗಿನಿಂದ ದಾಟಿದರೆ ಯಾವ ಲೆಕ್ಕಕ್ಕೂ ಇಲ್ಲದ ಫೌಲ್. ಅದನ್ನು ನೋಡಲು ಇಡೀ ಮೈದಾನದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಅವಳಿಗೆ ಜಗತ್ತಿನಲ್ಲಿ ಒಬ್ಬನೇ ಶತ್ರು, ಆರ್ವಿನ್ ಟೆಪ್ಕೆ. ವಾರವೆಲ್ಲ ಪಕ್ಕದ ಊರಿನ ಧಾನ್ಯದ ಕಣಜದಲ್ಲಿ ಕೆಲಸ ಮಾಡಿ, ಭಾನುವಾರ ಕಪ್ಪು ಅಂಗಿ ಹಾಕಿಕೊಂಡು ಅಂಪೈರಾಗಿ ಬರುವವನು. ಅವನ ವಿಷಯದಲ್ಲಿ ಮಾರ್ಲಿಸ್ ಆಡಿದ ಒಂದು ಮಾತು ಕಾಫಿ ಅಂಗಡಿಯಲ್ಲಿ ವರ್ಷಗಟ್ಟಲೆ ಓಡಾಡುತ್ತಿತ್ತು: "ಆ ಮನುಷ್ಯನಿಗೆ ಎಲ್ಲಿಯ ಕಣ್ಣು? ಮುಖಕ್ಕೆ ಎರಡು ಗುಂಡಿ ಹೊಲಿದಿದಾರೆ ಅಷ್ಟೆ."

ಲೈಲ್ ಮಾತ್ರ ಟೆಪ್ಕೆಯನ್ನು ಬಿಟ್ಟುಕೊಡುತ್ತಿರಲಿಲ್ಲ. ಅವನು ಹಾಲಿನ ಟ್ಯಾಂಕರ್ ಓಡಿಸುವವನು, ಆಟದಲ್ಲಿ ನಮ್ಮ ಊರಿನ ಕ್ಯಾಚರ್. ಬ್ಯಾಟುಗಾರನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವುದು ಅವನ ಕೆಲಸ, ಅವನ ಬೆನ್ನಿಗೇ ಬಗ್ಗಿ ನಿಲ್ಲುವುದು ಅಂಪೈರನ ಕೆಲಸ. ಅಷ್ಟು ವರ್ಷ ಒಬ್ಬನ ಉಸಿರು ಇನ್ನೊಬ್ಬನ ಕತ್ತಿಗೆ ತಗುಲುತ್ತಿದ್ದರೆ ಏನೋ ಒಂದು ಸಲಿಗೆ ಬೆಳೆಯುತ್ತದೆ. ಊಟದ ಮೇಜಿನಲ್ಲಿ ಅವನು, ಆ ಚೆಂಡು ಸರಿಯಾಗಿಯೇ ಇತ್ತು, ಟೆಪ್ಕೆ ಹೇಳಿದ್ದು ಸರಿ ಎನ್ನುತ್ತಿದ್ದ. ಮಾರ್ಲಿಸ್ ಆಲೂಗಡ್ಡೆಯ ಬಟ್ಟಲನ್ನು ಅವನ ಕೈಗೆ ಸಿಗದಷ್ಟು ದೂರ ಇಡುತ್ತಿದ್ದಳು.

ಇನ್ನು ನಮ್ಮ ಬೇಲಿಯ ಸಂಗತಿ. ಅದು ಮರದ ಹಲಗೆಗಳ ಬೇಲಿ. ನಮ್ಮೂರಿನವನು ಮೊದಲ ಸಲ ಹೋಮ್ ರನ್ ಹೊಡೆದರೆ ಚೆಂಡು ದಾಟಿದ ಕಡೆಯ ಹಲಗೆಗೆ ಅವನ ಹೆಸರು ಬರೆಯುತ್ತೇವೆ. ನಮ್ಮಪ್ಪನದು ನಟ್ಟನಡುವೆ ಇದೆ. ಇಬ್ಬರು ಚಿಕ್ಕಪ್ಪಂದಿರದು ಬಲಗಡೆ. ನಮ್ಮ ಹೌಗನ್ ಮನೆತನದಲ್ಲಿ ಬ್ಯಾಟು ಹಿಡಿದವರಲ್ಲಿ ಹಲಗೆ ಇಲ್ಲದವನು ಲೈಲ್ ಒಬ್ಬನೇ. ಅದರ ಬಗ್ಗೆ ಅವನು ಒಂದು ದಿನವೂ ಬಾಯಿ ಬಿಟ್ಟವನಲ್ಲ. ಆದರೆ ಪ್ರತಿ ವಸಂತದಲ್ಲೂ ಹಿಮ ಕರಗಿದ ಮೇಲೆ ಡಬ್ಬ ಹಿಡಿದು ಹೋಗಿ ಅಪ್ಪನ ಹೆಸರಿಗೆ ಹೊಸ ಬಣ್ಣ ಹಚ್ಚಿ ಬರುತ್ತಿದ್ದವನು ಅವನೇ. ಹಚ್ಚಿದ ಮೇಲೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ.

ಆ ಆಗಸ್ಟ್ ತಿಂಗಳ ಕಡೆಯ ಭಾನುವಾರ ಅವನ ಕೊನೆಯ ಆಟ. ಮೊಣಕಾಲು ಇನ್ನು ಆಗುವುದಿಲ್ಲ ಎಂದುಬಿಟ್ಟಿದ್ದವು. ಎದುರಾಳಿ ಬೆಲ್‌ಗಾರ್ಡ್ ಊರಿನ ತಂಡ. ಊರೆಲ್ಲ ಬಂದಿತ್ತು. ಸಾಸಿವೆ ಬಳಿದ ಸಾಸೇಜಿನ ವಾಸನೆ, ಸೊಳ್ಳೆ, ಬೆವರು. ಮಾರ್ಲಿಸ್ ಸೇಬಿನ ಪೈ ಮಾಡಿ ತಂದಿದ್ದಳು, ಆಟ ಮುಗಿದ ಮೇಲೆ ಎಲ್ಲರಿಗೂ ಹಂಚಲು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನಾವು ಸೋಲುವುದು ಆಗಲೇ ಖಾತ್ರಿಯಾಗಿತ್ತು, ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಲೈಲ್ ಕಡೆಯ ಸಲ ಬ್ಯಾಟು ಹಿಡಿದು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಟೋಪಿಯ ಅಂಚು ಮುಟ್ಟಿದ.

ಮೊದಲ ಚೆಂಡಿಗೆ ಬೀಸಿದ, ತಗುಲಲಿಲ್ಲ. ಎರಡನೆಯದು ಅವನನ್ನು ತಲುಪುವ ಮುಂಚೆಯೇ ನೆಲಕ್ಕೆ ಬಿತ್ತು. ಬಿದ್ದು, ದೂಳೆದ್ದು, ಟೆಪ್ಕೆಯ ಬೂಟಿನ ಮೇಲೇ ಕೂತಿತು. ಲೈಲ್ ಬ್ಯಾಟು ಅಲ್ಲಾಡಿಸಲಿಲ್ಲ. ಟೆಪ್ಕೆ ಬಲಗೈ ಎತ್ತಿದ. ಸ್ಟ್ರೈಕ್ ಅಂತೆ! ಅಂದರೆ ಹೊಡೆಯಬಹುದಾಗಿದ್ದ ಚೆಂಡು. ಕೋಲು ಹಿಡಿದು ಮಣ್ಣು ಕೆದಕುವವನು ಹೊಡೆಯಬಹುದಿತ್ತೇನೋ.

ಮಾರ್ಲಿಸ್ ಎದ್ದಳು. ಅವಳ ಕಿವಿ ಕೆಂಪಾಗಿದ್ದವು. ಲಂಗ ಸರಿಮಾಡಿಕೊಂಡು ಬೆನ್ನು ತಿರುಗಿಸಿದಳು. ಬೆಂಚುಗಳು ಕಿರುಗುಟ್ಟಿದವು, ಇಡೀ ಗ್ಯಾಲರಿ ತಿರುಗಿತು, ನಾನೂ ತಿರುಗಿದೆ. ಎದುರಿಗೆ ರೈಲುಹಳಿ, ಅದರಾಚೆ ಗೋರಿಗಳು, ಅವುಗಳ ನಡುವೆ ನಮ್ಮಪ್ಪನ ಕಲ್ಲು. ಯಾವುದೋ ಮಗು ಯಾಕೆ ಎಂದು ಕೇಳಿತು, ಅದರ ತಾಯಿ ಶ್ ಎಂದಳು.

ಆಗ ಆ ಸದ್ದು ಕೇಳಿಸಿತು. ಚೆಂಡು ಬ್ಯಾಟಿನ ನಡುಮಧ್ಯಕ್ಕೆ ತಗುಲಿದರೆ ಬರುವ ಸದ್ದನ್ನು ಬೇರೆ ಯಾವುದೆಂದೂ ತಪ್ಪು ತಿಳಿಯುವ ಹಾಗಿಲ್ಲ. ಲೈಲ್‌ನ ಬ್ಯಾಟಿನಿಂದ ನಾನು ಅದನ್ನು ಹಿಂದೆಂದೂ ಕೇಳಿರಲಿಲ್ಲ. ಪಕ್ಕದವರೆಲ್ಲ ಓರೆಗಣ್ಣಿನಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು, ಮೊದಲು ತಿರುಗುವವರು ಯಾರು ಎಂದು. ಎಲ್ಮರ್ ಸ್ಕೋಗ್‌ನ ಮಗಳು ವರ್ನಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಮಾರ್ಲಿಸ್‌ಳ ಕತ್ತಿನ ನರ ಉಬ್ಬಿತ್ತು. ಇಂಥ ಮೂರ್ಖತನವನ್ನು ಮಾಡಲು ನಮ್ಮೂರಿನವರೇ ಆಗಬೇಕು. ಕೊನೆಗೆ ಅವಳೇ ತಿರುಗಿದಳು, ಆಮೇಲೆ ನಾವೆಲ್ಲ.

ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಟೆಪ್ಕೆ ಬೆರಳೆತ್ತಿ ಗಾಳಿಯಲ್ಲಿ ಸುತ್ತಿಸುತ್ತಿದ್ದ: ಹೋಮ್ ರನ್. ಲೈಲ್ ಕುಂಟುತ್ತ ಎರಡನೆಯ ಬೇಸಿನ ಕಡೆ ಓಡುತ್ತಿದ್ದ. ಅವನು ಬೇಲಿಯನ್ನು ನೋಡುತ್ತಿರಲಿಲ್ಲ, ನಮ್ಮನ್ನು ನೋಡುತ್ತಿದ್ದ.

ಬೆಲ್‌ಗಾರ್ಡಿನ ಮ್ಯಾನೇಜರ್ ಗೋರ್ಡಿ ಬ್ಲಿಕ್ ಬೆಂಚಿನಿಂದ ಹಾರಿ ಬಂದ. ಚೆಂಡು ಕಂಬದ ಹೊರಗೆ ಹೋಯಿತು, ಇದು ಫೌಲ್ ಎಂದ. ಒಂದನೆಯ ಬೇಸಿನ ಹತ್ತಿರವಿದ್ದ ಇನ್ನೊಬ್ಬ ಅಂಪೈರ್, ತನ್ನ ಕಣ್ಣು ಓಡುವವನ ಕಾಲಿನ ಮೇಲಿತ್ತು, ತಾನು ನೋಡಲಿಲ್ಲ ಎಂದ. ಬೆಲ್‌ಗಾರ್ಡಿನಿಂದ ಬಂದಿದ್ದ ನಾಲ್ಕು ಜನ ಫೌಲ್ ಎಂದೇ ಹೇಳಿದರು, ಹೇಳದೆ ಇರುತ್ತಾರೆಯೇ. ಆಗ ಗೋರ್ಡಿ ನಮ್ಮ ಗ್ಯಾಲರಿಯ ಕಡೆ ತಿರುಗಿದ.

"ನಿಮ್ಮಲ್ಲಿ ಯಾರಾದ್ರೂ ನೋಡಿದ್ರೇನ್ರಪ್ಪ? ಒಬ್ರಾದ್ರೂ? ನೋಡಿದೋರು ಕೈ ಎತ್ತಿ, ನಾನು ಸುಮ್ನೆ ಹೋಗಿ ಕೂತ್ಕೋತೀನಿ."

ಒಂದು ಕೈಯೂ ಏಳಲಿಲ್ಲ. ನಮಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ. ಪಕ್ಕದಲ್ಲಿ ಕೂತವರಿಗೆ ಗೊತ್ತಿರುವ ಸುಳ್ಳು ಹೇಳಿ ಏನು ಪ್ರಯೋಜನ? ಗೋರ್ಡಿ ನಕ್ಕ. ಟೆಪ್ಕೆ, ಹೇಳಿದ್ದು ಹೇಳಿಯಾಯಿತು ಎಂದು ಅವನನ್ನು ವಾಪಸು ಕಳಿಸಿದ. ನಾವು ಸೋತೆವು.

ಆಟ ಮುಗಿದ ಮೇಲೆ ಟೆಪ್ಕೆ ತನ್ನ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತು ಬೂಟು ಬಿಚ್ಚುತ್ತಿದ್ದ. ಲೈಲ್ ಅಲ್ಲಿಗೆ ಹೋದ. ನಾನು ಪೈಯ ಒಂದು ತುಂಡನ್ನು ಕಾಗದದ ತಟ್ಟೆಯಲ್ಲಿ ಇಟ್ಟುಕೊಂಡು ಹಿಂದೆ ಹೋದೆ. ನಮ್ಮೂರಿನಲ್ಲಿ ಅಂಪೈರಿಗೆ ಯಾರಾದರೂ ತಿನ್ನಲು ಕೊಟ್ಟದ್ದು ಅದೇ ಮೊದಲಿರಬೇಕು.

"ಆರ್ವಿನ್, ಅದು ಒಳಗೇ ಹೋಯ್ತಾ?" ಎಂದು ಲೈಲ್ ಕೇಳಿದ.

"ಒಳಗೇ. ಕಂಬದಿಂದ ಒಂದು ಮೊಳ."

"ಅದಕ್ಕೆ ಮುಂಚಿನದು?"

ಟೆಪ್ಕೆ ಬೂಟಿನ ದಾರ ಬಿಚ್ಚುತ್ತಲೇ ಇದ್ದ. "ಅದು ಮಣ್ಣಿಗೆ ಬಿತ್ತು. ಕೈ ಎತ್ತಿದ ಮೇಲೆ ಗೊತ್ತಾಯ್ತು. ಎತ್ತಿದ ಕೈ ಇಳಿಸೋಕಾಗಲ್ವಲ್ಲ."

"ಅದಕ್ಕೆ ಬದಲಾಗಿ ಇದನ್ನ ಕೊಟ್ಯಾ?"

"ಇಷ್ಟು ವರ್ಷ ನಿನ್ನ ಬೆನ್ನ ಹಿಂದೆ ನಿಂತಿದೀನಲ್ಲ ಲೈಲ್, ಯಾವತ್ತಾದ್ರೂ ನಿಂಗೆ ಏನಾದ್ರೂ ಕೊಟ್ಟಿದೀನಾ? ನೋಡಿದೆ, ನೋಡಿದ್ದನ್ನ ಹೇಳ್ದೆ."

"ಮುಂಚಿನದನ್ನೂ ನೋಡೇ ಹೇಳಿದ್ದೆ ನೀನು," ಎಂದ ಲೈಲ್. ಜಗಳದ ದನಿಯಲ್ಲ. ದಾರಿ ಕೇಳುವವನ ದನಿ.

ಟೆಪ್ಕೆ ಬೂಟುಗಳನ್ನು ಗಾಡಿಯ ಹಿಂಬದಿಗೆ ಎಸೆದ. ನಾನು ಕೊಟ್ಟ ತಟ್ಟೆಯನ್ನು ತೆಗೆದುಕೊಂಡು ಡ್ರೈವರ್ ಸೀಟಿನ ಪಕ್ಕದಲ್ಲಿಟ್ಟ, ಥ್ಯಾಂಕ್ಸ್ ಎಂದ, ಹೊರಟುಹೋದ.

ಮನೆಗೆ ಹೋದ ಮೇಲೆ ಲೈಲ್ ಮೊಣಕಾಲಿಗೆ ಐಸಿನ ಚೀಲ ಇಟ್ಟುಕೊಂಡು ಕೂತ. ಮಾರ್ಲಿಸ್ ಸಿಂಕಿನ ಮುಂದೆ ನಿಂತು ಪೈ ತಟ್ಟೆ ತೊಳೆಯುತ್ತಿದ್ದಳು. ನಾನು ಒರೆಸುತ್ತಿದ್ದೆ.

"ನೀನು ಕೂತಿದ್ದ ಜಾಗದಿಂದ ಕಂಬ ನೇರ ಕಾಣುತ್ತಲ್ಲ," ಎಂದು ಲೈಲ್ ಅವಳಿಗೆ ಹೇಳಿದ.

"ಕಾಣುತ್ತೆ."

"ನೋಡಿದ್ಯಾ?"

ಅವಳು ನೋಡಿದೆ ಎಂದುಬಿಡುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಅವಳು ನಲ್ಲಿ ನಿಲ್ಲಿಸಿದಳು.

"ಇಲ್ಲ. ನಿನಗೋಸ್ಕರ ತಾನೆ ಬೆನ್ನು ತಿರುಗಿಸಿದ್ದು, ಲೈಲ್."

"ಗೊತ್ತು," ಎಂದ. "ಹೊಡೆಯೋ ಮುಂಚೆ ಒಂದ್ಸಲ ಆ ಕಡೆ ನೋಡಿದ್ದೆ. ಎಲ್ಲರ ಬೆನ್ನೂ ಕಾಣಿಸ್ತು."

ಮಾರನೆಯ ದಿನ ಕೆಲವರು ಬೇಲಿಯಾಚೆಯ ಜೋಳದ ಹೊಲಕ್ಕೆ ನುಗ್ಗಿ ಹುಡುಕಿದರು. ಒಂದಲ್ಲ, ಮೂರು ಚೆಂಡು ಸಿಕ್ಕವು, ಒಂದು ಕಂಬದ ಒಳಗಡೆ, ಎರಡು ಹೊರಗಡೆ. ಯಾವುದು ಯಾವ ಕಾಲದ್ದೋ ದೇವರೇ ಬಲ್ಲ. ತಂಡದವರು ಬಣ್ಣದ ಡಬ್ಬ ಹಿಡಿದು ಲೈಲ್‌ನ ಮನೆಗೆ ಬಂದಾಗ ಅವನು ಬೇಡ ಎಂದ. ಯಾರಾದರೂ ನೋಡಿರಬೇಕಲ್ಲ ಎಂದ. ಟೆಪ್ಕೆ ನೋಡಿದ್ದಾನಲ್ಲ ಎಂದು ಅವರು ಹೇಳಿದರು, ಹೇಳಿ ತಾವೇ ಪೆಚ್ಚಾದರು. ಕಂಬದ ಪಕ್ಕದ ಹಲಗೆ ಖಾಲಿ ಉಳಿಯಿತು.

ಆ ಚಳಿಗಾಲ ಕಾಫಿ ಅಂಗಡಿಯಲ್ಲಿ ಒಂದು ವಿಚಿತ್ರ ಕಂಡೆ. ಟೆಪ್ಕೆಯ ಕಣ್ಣಿನ ಬಗ್ಗೆ ಯಾರು ಏನು ತಮಾಷೆ ಮಾಡಿದರೂ ಅದು ಹೋಗಿ ಬೀಳುತ್ತಿದ್ದದ್ದು ಲೈಲ್‌ನ ಹೋಮ್ ರನ್ನಿನ ಮೇಲೆ. ಟೆಪ್ಕೆ ಕುರುಡನಾದರೆ ನನ್ನ ತಮ್ಮ ಹೊಡೆದದ್ದು ಬರೀ ಫೌಲ್. ಜನಕ್ಕೆ ಇದು ಹೊಳೆಯಲಿಲ್ಲ. ಹಳೆಯ ಚಟ, ಬಾಯಿ ಸುಮ್ಮನಿರುವುದಿಲ್ಲ. ಒಂದು ದಿನ ಯಾರೋ ಗುಂಡಿ ಹೊಲಿದ ಮಾತನ್ನು ತೆಗೆದು ಎಲ್ಲರನ್ನೂ ನಗಿಸಿದರು, ಅದನ್ನು ಮೊದಲು ಹೇಳಿದವಳು ಅಲ್ಲೇ ಕೂತಿದ್ದಾಳೆ ಎಂದು ಬೇರೆ ತೋರಿಸಿದರು. ಮಾರ್ಲಿಸ್ ಅರ್ಧ ಕುಡಿದ ಕಪ್ಪನ್ನು ಕೆಳಗಿಟ್ಟು ಎದ್ದುಹೋದಳು. ಹಿಮದಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳದೆ ನಡೆದು ಹೋಗುತ್ತಿದ್ದಳು, ನಾನು ಕಿಟಕಿಯಿಂದ ನೋಡಿದೆ.

ಮುಂದಿನ ಬೇಸಿಗೆಯ ಮೊದಲ ಭಾನುವಾರ ಲೈಲ್ ಗ್ಯಾಲರಿಯಲ್ಲಿ ಕೂತ, ಮಾರ್ಲಿಸ್ ಮತ್ತು ನನ್ನ ನಡುವೆ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅಂಪೈರ್ ಟೆಪ್ಕೆಯೇ. ಕೊನೆಯ ಸರದಿ, ಅಂಕ ಸಮ, ನಮ್ಮ ಹುಡುಗನೊಬ್ಬ ಮೂರನೆಯ ಬೇಸಿನಿಂದ ಓಡಿಬಂದು ಜಾರಿ, ಓಟ ಪೂರೈಸುವ ಹೋಮಿಗೆ ಕಾಲು ಮುಟ್ಟಿಸಿದ. ಚೆಂಡು ಬಂದದ್ದು ಆಮೇಲೆ. ಗೋರಿಯಲ್ಲಿ ಮಲಗಿದ್ದ ನಮ್ಮಪ್ಪನಿಗೂ ಕಾಣಿಸಿರಬೇಕು. ಟೆಪ್ಕೆ ಮುಷ್ಟಿ ಎತ್ತಿದ: ಔಟ್.

ಎಲ್ಲರ ಕಣ್ಣೂ ಮಾರ್ಲಿಸ್‌ಳ ಕಡೆ. ವರ್ನಾ ಸ್ಕೋಗ್ ಆಗಲೇ ಅರ್ಧ ಎದ್ದಿದ್ದಳು. ಮಾರ್ಲಿಸ್‌ಳ ಎರಡೂ ಮುಷ್ಟಿ ತೊಡೆಯ ಮೇಲಿದ್ದವು, ಬೆರಳ ಗೆಣ್ಣು ಬಿಳಿಚಿಕೊಂಡಿದ್ದವು. ಅವಳು ಏಳಲಿಲ್ಲ. ಮೂರು ಸಾಲು ಕೆಳಗಿನವರಿಗೂ ಕೇಳುವ ಹಾಗೆ ಹೇಳಿದಳು:

"ಸರಿಯಾಗೇ ನೋಡಿದಾನೆ. ಆ ಮನುಷ್ಯನ ಕಣ್ಣು ಯಾವಾಗ್ಲೂ ಚೆನ್ನಾಗಿದೆ."

ವರ್ನಾ ನಿಧಾನವಾಗಿ ಕೂತಳು. ಒಂದು ಬೆನ್ನೂ ತಿರುಗಲಿಲ್ಲ. ಕೆಳಗೆ ಟೆಪ್ಕೆ, ಬೆನ್ನುಗಳನ್ನು ನೋಡಿಯೇ ಅಭ್ಯಾಸವಾಗಿದ್ದವನು, ಇಷ್ಟೊಂದು ಮುಖಗಳನ್ನು ಕಂಡು, ಚೆಂಡು ತಗುಲದಿರಲೆಂದು ಹಾಕಿಕೊಂಡಿದ್ದ ತಂತಿಯ ಮುಖವಾಡ ಸರಿಮಾಡಿಕೊಂಡ.

ಲೈಲ್ ಅವಳ ಕಡೆ ಬಗ್ಗಿ ಮೆಲ್ಲಗೆ ಹೇಳಿದ. "ಆ ಹುಡುಗನ ಕಾಲು ಮೊದಲೇ ಮುಟ್ಟಿತ್ತು, ಮಾರ್ಲಿಸ್."

"ನಂಗೇನು ಕಣ್ಣಿಲ್ವಾ?" ಎಂದಳು ಅವಳು, ತುಟಿ ಅಲ್ಲಾಡಿಸದೆ. "ಸುಮ್ನೆ ಮುಂದೆ ನೋಡು."

ಲೈಲ್ ಮುಂದೆ ನೋಡಿದ. ಅವನ ಕೈ ಎಲ್ಲಿಡಬೇಕೆಂದು ಆಗ ತಿಳಿಯಿತು, ಅವಳ ಮುಷ್ಟಿಯ ಮೇಲೆ ಇಟ್ಟ. ಸಮ ಮುರಿಯಲು ಆಡಿಸಿದ ಹೆಚ್ಚಿನ ಸರದಿಯಲ್ಲಿ ನಾವೇ ಸೋತೆವು, ಅದಕ್ಕೆ ಊರಿನವರು ಇವತ್ತಿಗೂ ಅವಳನ್ನು ಪೂರ್ತಿ ಕ್ಷಮಿಸಿಲ್ಲ.

ಆ ವಾರವೇ ಲೈಲ್ ನನ್ನ ಮನೆಗೆ ಬಂದು, ಅಪ್ಪನ ಹೆಸರಿಗೆ ಹಚ್ಚಿ ಉಳಿದ ಬಣ್ಣ ನಿನ್ನ ಗ್ಯಾರೇಜಿನಲ್ಲಿದೆಯಾ ಎಂದು ಕೇಳಿದ. ಕಂಬದಿಂದ ಒಂದು ಮೊಳ ಒಳಗಿನ ಹಲಗೆಗೆ ಹೆಸರು ಬರೆದವಳು ಮಾರ್ಲಿಸ್. ಲೈಲ್ ಪಕ್ಕದಲ್ಲಿ ಡಬ್ಬ ಹಿಡಿದು ನಿಂತಿದ್ದ. ಅಕ್ಷರ ಸೊಟ್ಟಗಾಗುತ್ತಿದೆ ಎಂದು ಎರಡು ಸಲ ಹೇಳಿದ, ಎರಡು ಸಲವೂ ಬೈಸಿಕೊಂಡ.